ಅಜ್ಜನ ಕೈ ಕಂಬಳಿಯೊಳಗೆ

ಶಾಲೆಯಲ್ಲಿ ಮಕ್ಕಳಿಗೆ ಏನಾದರೂ ಮಾಡಿಕೊಂಡು ಬರಲು ಹೇಳಿದರೆ, ನಿಮ್ಮ ಮನೆಯಲ್ಲಿ ಅದನ್ನು ಯಾರು ಮಾಡುತ್ತಾರೆ? ನಿಜ ಹೇಳಿ. ಮಗು ಮೂಲೆಯಲ್ಲಿ ಕೂತು ನೋಡುತ್ತದೆ, ದೊಡ್ಡವರು ಮಾಡಿ ಮುಗಿಸುತ್ತಾರೆ. ಎಲ್ಲ ಪ್ರೀತಿಯಿಂದಲೇ. ಕಲಾದಗಿ ಸಮೀಪದ ಹೊಳೆದಂಡೆಯ ಊರಿನ ಅಮಸಿದ್ದಪ್ಪಜ್ಜ ಮಾಡಿದ್ದೂ ಪ್ರೀತಿಯಿಂದಲೇ.

ಅಜ್ಜನದು ಕುರಿ ಸಾಕುವ ಮನೆತನ. ಮಗ ಬೀರೇಶ ಮತ್ತು ಸೊಸೆ ಮೇವು ಹುಡುಕಿಕೊಂಡು ಹಿಂಡಿನ ಬೆನ್ನಿಗೆ ಊರೂರು ತಿರುಗುತ್ತಾರೆ. ಮೊಮ್ಮಗಳು ಅಂಜನಾ ಮೂರನೆಯ ತರಗತಿ. ಅವಳ ಶಾಲೆ ತಪ್ಪಬಾರದೆಂದು ಅಜ್ಜ ಮತ್ತು ಅಜ್ಜಿ ಪದ್ಮವ್ವನ ಹತ್ತಿರ ಬಿಟ್ಟಿದ್ದಾರೆ. ಅಜ್ಜ ಇನ್ನೊಂದಕ್ಕೂ ಹೆಸರುವಾಸಿ. ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಓಣಿಯ ಅರ್ಧ ಮನೆಗಳ ದೇವರ ಜಗಲಿಯ ಮೇಲೆ ಅವರ ಕೈಯ ಎತ್ತುಗಳೇ. ಕೋಡು, ಬೆನ್ನ ಮೇಲಿನ ಹಿಣಿಲು, ಬಾಲ ಎಲ್ಲ ಅಷ್ಟು ಚೆಂದ.

ಊರ ಶಾಲೆಯ ಶಿಕ್ಷಕಿ ದಾನೇಶ್ವರಿ. ಊರಿಗೆಲ್ಲ ಅವರು ಅಕ್ಕೋರು. ಅಮಾವಾಸ್ಯೆ ಹತ್ತಿರ ಬಂದಾಗ ಅವರು ತರಗತಿಗೆ ಒಂದು ಬುಟ್ಟಿ ಎರೆಮಣ್ಣು ತರಿಸಿದರು. ಮೇಜಿನ ಮೇಲೆ ಮಾದರಿಯ ಎತ್ತು ಇಡಲಿಲ್ಲ, ಹಲಗೆಯ ಮೇಲೆ ಚಿತ್ರವನ್ನೂ ಬಿಡಿಸಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು.

"ಮಣ್ಣಿನ ಎತ್ತು ಒಣಗಿದ ಮ್ಯಾಲೆ ಕಾಲು ಯಾಕ ಮುರಿತಾವು? ಮುರೀಲಾರದಂಗ ಏನ್ ಮಾಡಬಹುದು? ನೀವ ಯೋಚನಿ ಮಾಡ್ರಿ, ನೀವ ಮಾಡಿ ನೋಡ್ರಿ. ತಪ್ಪಾದ್ರ ಆಗ್ಲಿ, ಮತ್ತ ಮಾಡೋಣು."

ಮಕ್ಕಳಿಗೆ ಇನ್ನೇನು ಬೇಕು? ಪ್ರಬುದ್ಧ ಎಂಬ ಹುಡುಗ ಜೋಳದ ದಂಟಿನ ಚೂರನ್ನು ಎಲುಬಿನ ಹಾಗೆ ಕಾಲಿನೊಳಗೆ ಇಟ್ಟ. ರೂಬಿ ಮಣ್ಣಿಗೆ ಒಲೆಯ ಬೂದಿ ಕಲಸಿದಳು. ಅಂಜನಾ ಊಟದ ಬಿಡುವಿನಲ್ಲಿ ಮನೆಗೆ ಓಡಿ, ಕುರಿಗಳ ಕೂದಲು ಕತ್ತರಿಸಿದಾಗ ಉಳಿದಿದ್ದ ಉಣ್ಣೆಯನ್ನು ಲಂಗದ ತುಂಬ ತಂದಳು. ಮಣ್ಣಿಗೆ ಉಣ್ಣೆ ಬೆರೆಸಿ ನಾದಿದಳು. ಉಣ್ಣೆ ಹೆಚ್ಚಾಯಿತು. ಎತ್ತಿನ ಮೈತುಂಬ ಕೂದಲು ನಿಂತವು. ಹುಡುಗರು ನಕ್ಕರು, ಅಕ್ಕೋರು ನಗಲಿಲ್ಲ.

"ಉಣ್ಣಿ ಹಾಕಬೇಕಂತ ನಿನಗ ಹ್ಯಾಂಗ ಹೊಳೀತು?" ಎಂದು ಕೇಳಿದರು.

"ಕಂಬಳಿ ಎಷ್ಟ್ ಜಗ್ಗಿದ್ರೂ ಹರಿಯಂಗಿಲ್ರಿ. ಅದಕ್ಕ."

ಅಕ್ಕೋರ ಮುಖ ಅರಳಿತು. "ಮನಿಗೆ ಒಯ್ದು ಮುಗಿಸ್ಕೊಂಡು ಬಾ" ಎಂದರು.

ಮನೆಯಲ್ಲಿ ಅಜ್ಜ ಅದನ್ನು ಎತ್ತಿ ಹಿಡಿದು ನೋಡಿ ಹೊಟ್ಟೆ ಹಿಡಿದು ನಕ್ಕರು. "ಇದೇನವ್ವಾ ಅಂಜಿ, ಎತ್ತೋ ಮುಳ್ಳಹಂದಿಯೋ? ಅಮಸಿದ್ದಪ್ಪನ ಮೊಮ್ಮಗಳು ಹಿಂತಾದ್ದು ತಂದ್ಲು ಅಂದ್ರ ಮಂದಿ ಏನಂದಾರು?"

ಮರುದಿನ ಅಂಜನಾ ಏಳುವ ಮೊದಲೇ ಅಜ್ಜ ಆ ಎತ್ತನ್ನು ಮುದ್ದೆ ಮಾಡಿ ಬದಿಗಿಟ್ಟರು. ಹೊಸ ಮಣ್ಣಿನಲ್ಲಿ ಹೊಸ ಎತ್ತು ಮಾಡಿ ಅವಳ ಕೈಗೆ ಕೊಟ್ಟರು. ಅದು ಎಷ್ಟು ಚೆಂದವಿತ್ತೆಂದರೆ ಇಡೀ ತರಗತಿ ಸುತ್ತುವರಿದು ನೋಡಿತು. ಅಂಜನಾ ಮಾತ್ರ ನೋಡಲಿಲ್ಲ.

ಆಮೇಲಿನ ದಿನಗಳಲ್ಲಿ ಅಕ್ಕೋರು ಒಂದು ಕಥೆಯನ್ನು ಅರ್ಧ ಹೇಳಿ ನಿಲ್ಲಿಸಿದರು. ಹಿಂಡಿನಿಂದ ತಪ್ಪಿಸಿಕೊಂಡ ಕುರಿಮರಿಯ ಕಥೆ. ಉಳಿದದ್ದನ್ನು ಮಕ್ಕಳೇ ಕಟ್ಟಬೇಕು. ಕುರಿಯ ಮಾತು ಬಂದರೆ ಬಾಯಿ ಮುಚ್ಚದ ಹುಡುಗಿ ಅಂಜನಾ. ಅವಳು ತಲೆ ತಗ್ಗಿಸಿ ಹೇಳಿದಳು:

"ನನಗ ಬರಂಗಿಲ್ರಿ. ಅಜ್ಜನ್ನ ಕೇಳ್ಕೊಂಡು ಬರ್ತೇನ್ರಿ."

ಬಣ್ಣದ ಕಡ್ಡಿ ಕೊಟ್ಟರೂ ಅದೇ ಮಾತು. ಲೆಕ್ಕ ಕೊಟ್ಟರೂ ಅದೇ ಮಾತು. ಈಗಲೇ ಸರಿಮಾಡದಿದ್ದರೆ ಈ ಹುಡುಗಿ ಇನ್ನು ಯಾವುದಕ್ಕೂ ತಾನಾಗಿ ಕೈ ಹಾಕುವುದಿಲ್ಲ ಎಂದು ಅಕ್ಕೋರಿಗೆ ಗೊತ್ತಾಯಿತು. ಸಂಜೆ ಶಾಲೆ ಬಿಟ್ಟ ಮೇಲೆ ನೆಟ್ಟಗೆ ಅಜ್ಜನ ಮನೆಗೆ ನಡೆದರು.

"ಬರ್ರಿ ಅಕ್ಕೋರ, ಕುಂದರ್ರಿ. ಎತ್ತು ಹ್ಯಾಂಗಿತ್ರಿ?" ಅಜ್ಜ ಹೆಮ್ಮೆಯಿಂದ ಕೇಳಿದರು.

"ನಿಮ್ಮ ಕೈ ಭಾಳ ಚಲೋ ಐತ್ರಿ ಅಜ್ಜಾರ. ಆದ್ರ ನನಗ ಅಂಜನಾನ ಎತ್ತು ಬೇಕಾಗಿತ್ತು."

"ಅದ್ ನೋಡಾಕ ಚಂದ ಇರಲಿಲ್ರಿ."

"ಚಂದ ಇರದಿದ್ರ ಏನಾತ್ರಿ? ಅದರಾಗ ಅಕಿ ಬುದ್ಧಿ ಇತ್ತು. ಮಣ್ಣಿಗೆ ಉಣ್ಣಿ ಹಾಕಿದ್ರ ಗಟ್ಟಿ ಆಗ್ತೈತಿ ಅಂತ ನಾ ಹೇಳಿಕೊಟ್ಟಿಲ್ಲ, ಪುಸ್ತಕದಾಗೂ ಇಲ್ಲ. ಅಕಿ ನಿಮ್ಮ ಕಂಬಳಿ ನೋಡಿ ತಾನ ಕಂಡುಕೊಂಡ್ಲು. ನೀವು ಅದನ್ನ ಕೆಡಿಸಿದ್ರಿ. ಈಗ ಅಕಿ ಎಲ್ಲಾದಕ್ಕೂ ನನಗ ಬರಂಗಿಲ್ಲ ಅಂತಾಳ್ರಿ."

ಅಜ್ಜನಿಗೆ ಸ್ವಲ್ಪ ಸಿಟ್ಟು ಬಂತು. "ಅಲ್ರೀ ಅಕ್ಕೋರ, ಪರೀಕ್ಷಾದಾಗ ಎತ್ತು ಮಾಡು ಅಂತ ಕೇಳ್ತಾರೇನ್ರಿ? ಸಾಲಿಗೆ ಕಳಿಸೋದು ಮಣ್ಣಾಡಾಕಲ್ಲ. ಮಗ್ಗಿ ಕಲಸ್ರಿ, ಓದಸ್ರಿ."

"ಮಗ್ಗಿನೂ ಕಲಸ್ತೇನ್ರಿ, ಓದೂದೂ ಕಲಸ್ತೇನಿ. ಅದನ್ನ ಬಿಟ್ಟಿಲ್ಲ. ಆದ್ರ ಮಗ್ಗಿ ಬಾಯಿಪಾಠ ಆದ ಮ್ಯಾಲೆ, ಗೊತ್ತಿಲ್ಲದ ಲೆಕ್ಕ ಎದುರಿಗೆ ಬಂದ್ರ ಏನ್ ಮಾಡ್ಬೇಕ್ರಿ? ಹಿಂಗ ಮಾಡಿ ನೋಡೋಣು, ಆಗದಿದ್ರ ಹಂಗ ಮಾಡಿ ನೋಡೋಣು ಅನ್ನೋ ಧೈರ್ಯ ಬೇಕಲ್ರಿ. ಅದು ಹಿಂತಾ ಮಣ್ಣಾಟದಾಗ ಬರ್ತೈತಿ."

ಒಳಗಿಂದ ಚಹಾ ಹಿಡಿದು ಬಂದ ಪದ್ಮವ್ವ ನಗುತ್ತಿದ್ದಳು.

"ಅಕ್ಕೋರ, ಇವರ ಮೊದಲನೇ ಎತ್ತು ಹ್ಯಾಂಗಿತ್ತಂತ ಕೇಳ್ರಿ."

"ಸುಮ್ಮನಿರ ನೀ" ಎಂದರು ಅಜ್ಜ.

"ನಾ ಯಾಕ ಸುಮ್ಮನಿರ್ಲಿ? ನಮ್ಮತ್ತಿ ಹೇಳಿ ಹೇಳಿ ನಗತಿದ್ಲು. ಥೇಟ್ ಕಪ್ಪಿ ಆಗಿತ್ತಂತ್ರಿ! ಆದ್ರೂ ಅತ್ತಿ ಅದನ್ನ ಜಗಲಿ ಮ್ಯಾಲಿಟ್ಟು, ಕಡಬಿನ ಎಡಿ ಹಿಡದು ಪೂಜಿ ಮಾಡಿದ್ಲಂತ. ಅಕಿ ಅವತ್ತು ಆ ಕಪ್ಪಿ ಕೆಡಿಸಿ ತಾನ ಎತ್ತು ಮಾಡಿ ಇಟ್ಟಿದ್ದರ, ಇವತ್ತು ಓಣಿ ಮಂದಿ ಎತ್ತು ಕೇಳ್ಕೊಂಡು ಇವರ ಬಾಗಲಿಗೆ ಬರ್ತಿದ್ರೇನು?"

ಅಜ್ಜ ಚಹಾದ ಬಟ್ಟಲು ಕೆಳಗಿಟ್ಟು, "ಹೌದಲ್ರಿ. ಅವ್ವ ಆ ಕಪ್ಪಿಗೆ ಕುಂಕುಮನೂ ಹಚ್ಚಿದ್ಲು" ಎಂದರು. ಅವರ ದನಿ ಸಣ್ಣಗಾಗಿತ್ತು.

"ಈಗ ಏನ್ ಮಾಡ್ಲಿ ಅಕ್ಕೋರ?"

"ಏನೂ ಮಾಡಬ್ಯಾಡ್ರಿ ಅಜ್ಜಾರ. ಅದ ದೊಡ್ಡ ಕೆಲಸ. ಬಾಜೂಕ ಕುಂದರ್ರಿ. ಅಕಿ ಏನ್ ಮಾಡಿದ್ರೂ ಯಾಕ ಹಿಂಗ ಮಾಡಿದಿ, ಹೇಳು ಅಂತ ಕೇಳ್ರಿ. ಕೈ ಮಾತ್ರ ಹಾಕಬ್ಯಾಡ್ರಿ."

ಮರುದಿನ ಅಜ್ಜ ಮಣ್ಣು, ಉಣ್ಣೆ, ನೀರು ಎಲ್ಲ ತಂದು ಅಂಗಳದಲ್ಲಿಟ್ಟು ಮೊಮ್ಮಗಳನ್ನು ಕರೆದರು.

"ನೀನ ಮಾಡಜ್ಜಾ, ನನಗ ಬರಂಗಿಲ್ಲ" ಎಂದಳು ಅಂಜನಾ.

ಅಜ್ಜ ಹೆಗಲ ಕಂಬಳಿಯನ್ನು ಮೈತುಂಬ ಹೊದ್ದರು. ಎರಡೂ ಕೈ ಒಳಗೆ ಸೇರಿಸಿಕೊಂಡರು. "ನೋಡವ್ವಾ, ನನಗ ಕೈನ ಇಲ್ಲ ಇವತ್ತು. ನಿನ್ನ ಮುಳ್ಳಹಂದಿ ನಾ ಕೆಡಿಸಬಾರದಾಗಿತ್ತು. ತಪ್ಪಾತು."

ಅಂಜನಾ ಅನುಮಾನದಿಂದಲೇ ಮಣ್ಣು ಮುಟ್ಟಿದಳು. ಕೋಡು ಸೊಟ್ಟಗಾದಾಗ ಕಂಬಳಿಯೊಳಗೆ ಅಜ್ಜನ ಕೈ ಕುಣಿಯಿತು. ಬಾಗಿಲಲ್ಲಿ ನಿಂತಿದ್ದ ಪದ್ಮವ್ವ ಕಣ್ಣಲ್ಲೇ ಗದರಿಸಿದಳು. ಕೈ ಹೊರಗೆ ಬರಲಿಲ್ಲ.

"ಈ ಸಲ ಉಣ್ಣಿ ಯಾಕ ಕಮ್ಮಿ ಹಾಕಿದಿ? ಹೇಳು" ಎಂದು ಅಜ್ಜ ಕೇಳಿದರು.

ಅಷ್ಟೇ ಸಾಕಾಯಿತು. ಹುಡುಗಿ ಮಾತಿಗೆ ಬಿದ್ದಳು. ಉಣ್ಣೆಯನ್ನು ಸಣ್ಣಗೆ ಹರಿದು ಹಾಕಬೇಕು, ಕಾಲಿಗೆ ಹೆಚ್ಚು, ಮೈಗೆ ಕಡಿಮೆ, ಹಾಗೆ ಮಾಡಿದರೆ ಕೂದಲು ಹೊರಗೆ ಬರುವುದಿಲ್ಲ. ಎತ್ತು ಮುಗಿಯುವಷ್ಟರಲ್ಲಿ ಕುರಿಮರಿಯ ಕಥೆಯ ಉಳಿದರ್ಧವನ್ನೂ ಹೇಳಿ ಮುಗಿಸಿದ್ದಳು. ಅಜ್ಜನ ಕಣ್ಣು ತುಂಬಿ ಬಂತು.

ಅಮಾವಾಸ್ಯೆಯ ದಿನ ಜಗಲಿಯ ಮೇಲೆ ಎರಡೂ ಎತ್ತುಗಳು ಕೂತವು. ಒಂದು ಅಜ್ಜನದು, ಚೆಲುವ. ಇನ್ನೊಂದು ಅಂಜನಾಳದು, ಸೊಟ್ಟ ಕೋಡಿನದು. ಪೂಜೆಗೆ ಮುಂಚೆ ಪದ್ಮವ್ವ ಬಗ್ಗಿ ನೋಡಿದಳು. ಚೆಲುವನ ಮುಂಗಾಲು ಬಿರುಕು ಬಿಟ್ಟಿತ್ತು. ಸೊಟ್ಟ ಕೋಡಿನದು ಗಟ್ಟಿಯಾಗಿ ನಿಂತಿತ್ತು.

ಅಜ್ಜ ಕೆಮ್ಮಿದರು. ಆಮೇಲೆ ಮೊಮ್ಮಗಳ ಹತ್ತಿರ ಸರಿದು ಮೆಲ್ಲಗೆ ಕೇಳಿದರು: "ಅಂಜೀ, ಉಣ್ಣಿ ಎಷ್ಟ್ ಹಾಕಬೇಕ? ನನಗೊಂದು ಮಾಡಿ ತೋರಸವ್ವಾ."

ಅಂಜನಾ ಅಜ್ಜನ ಕಂಬಳಿ ಎಳೆದು ತಾನು ಹೊದ್ದಳು. ಎರಡೂ ಕೈ ಒಳಗೆ ಬಚ್ಚಿಟ್ಟುಕೊಂಡಳು.

"ನೀನ ಮಾಡಿ ನೋಡಜ್ಜಾ. ತಪ್ಪಾದ್ರ ಆಗ್ಲಿ, ಮತ್ತ ಮಾಡೋಣು!"

ಓದುತ್ತಿರುವ, ಕೇಳುತ್ತಿರುವ ಅಕ್ಕ-ಅಣ್ಣಂದಿರೇ, ಇಂಥ ಅಕ್ಕೋರು ನಿಮ್ಮೂರ ಶಾಲೆಯಲ್ಲೂ ಇರಬಹುದು. ಅವರು ಮಕ್ಕಳಿಗೆ ಮಣ್ಣು ಕೊಟ್ಟರೆ, ಅರ್ಧ ಕಥೆ ಹೇಳಿ ಬಿಟ್ಟರೆ, ಕಾಲಹರಣವೆಂದು ಬೈಯಬೇಡಿ, ಅವರ ಜೊತೆ ನಿಲ್ಲಿ. ಮಗು ಮಾಡಿದ್ದನ್ನು ತಿದ್ದುವ ಮೊದಲು, ಯಾಕೆ ಹೀಗೆ ಮಾಡಿದೆ ಎಂದು ಪ್ರೀತಿಯಿಂದ ಕೇಳಿ. ಉತ್ತರ ಬರುವವರೆಗೆ ನಿಮ್ಮ ಕೈ ಕಂಬಳಿಯೊಳಗೇ ಇರಲಿ. ಮುಂದಿನ ಅಮಾವಾಸ್ಯೆಗೆ ನಿಮ್ಮ ಮನೆಯ ಜಗಲಿಯ ಮೇಲೆ ಒಂದು ಸೊಟ್ಟ ಕೋಡಿನ ಎತ್ತಿಗೆ ಜಾಗ ಬಿಡಿ.