ತುಳಿದು ನೋಡಿದ ದಾರಿ

ಕಾಫಿ ಬಟ್ಟಲಿನ ತಳದ ಒದ್ದೆ ನಕ್ಷೆಯ ಮೇಲೆ ದುಂಡಗೆ ಉಳಿದಿದೆ, ಎರಡು ಕಣಿವೆಗಳ ನಡುವೆ ಹೊಸ ಕೆರೆಯೊಂದು ಹುಟ್ಟಿದಂತೆ, ಒರೆಸಲೇ, ಒರೆಸಿದರೆ ರಸ್ತೆಯ ಹಳದಿ ಎದ್ದುಬಂದೀತು, ಬೇಡ, ಇದು ಆಂತೆಲ್ಮ್ ಅವರ ನಕ್ಷೆ, ನಮ್ಮ ಸೈಕಲ್ ಸಂಘದ ಮೂವತ್ತು ವರ್ಷದ ದಾರಿಗಳೆಲ್ಲ ಇದರ ಮೇಲೆಯೇ ಗೀಚಿದ್ದು, ಮಡಿಕೆಗಳಲ್ಲೆಲ್ಲ ಅಂಟುಪಟ್ಟಿ — ಇರಲಿ ಬಿಡೇ, ಒಣಗುತ್ತೆ, ಎನ್ನುತ್ತಾರೆ ಅವರು, ಮೊದಲು ಊಟ ಎಲ್ಲಿ ಅಂತ ಗೊತ್ತುಮಾಡು, ಗುಡ್ಡ ಆಮೇಲೆ, ಹನ್ನೆರಡೂವರೆ ದಾಟಿದ್ರೆ ಆ ಛತ್ರದವಳು ಒಲೆ ಆರಿಸಿಬಿಡ್ತಾಳೆ, ಅಳುತ್ತಾ ನಿಂತ್ರೂ ಒಂದು ಮೊಟ್ಟೆ ಒಡೆಯಲ್ಲ. ಮೂಲಂಗಿ ತೊಳೆಯುತ್ತಿರುವ ಅವರ ಹೆಂಡತಿ ಯುಗೆಟ್ ತಿರುಗಿಯೂ ನೋಡದೆ, ನಿಮ್ಮ ಸಂಘದೋರು ಹೊರಡೋದೇ ಊಟಕ್ಕೆ ಕಣೇ ಸೊಲಾಂಜ್, ಬರೀ ಊಟ ಅಂದ್ರೆ ಮನೇಲಿ ಬಿಡಲ್ಲ, ಅದಕ್ಕೇ ಆ ಬಿಗಿ ಚಡ್ಡಿ, ಎನ್ನುತ್ತಾಳೆ. ನಾನು ನಗುತ್ತೇನೆ, ನನ್ನ ನಗು ನನಗೇ ಒಂದು ಗಳಿಗೆ ತಡವಾಗಿ ಕೇಳುತ್ತದೆ, ಈ ಸಲದ ದಾರಿಯನ್ನೂ ನಾನೇ ಬರೆಯಬೇಕು, ಬೆಳಗ್ಗೆ ಏಳಕ್ಕೆ ಹೊರಟರೆ ನದಿಯ ಪಕ್ಕದ ಸಮತಟ್ಟು ಇಪ್ಪತ್ತು ಕಿಲೋಮೀಟರ್, ಆಮೇಲೆ ಮೊದಲ ಏರು, ನಕ್ಷೆಯಲ್ಲಿ ಏರಿನ ಕಡೆಗೆ ಮುಖಮಾಡಿದ ಪುಟ್ಟ ಬಾಣಗಳು, ಒಂದು ಬಾಣ ಎಂದರೆ ಉಸಿರು, ಎರಡು ಎಂದರೆ ಮೊಣಕಾಲು, ಮೂರಿದ್ದರೆ ದೇವರೇ ಗತಿ, ಹೀಗೆಂದು ಕಲಿಸಿದವರು ಇವರೇ, ಒಳಗಿನ ಪಡಸಾಲೆಯಲ್ಲಿ ಇವರ ನೀಲಿ ಸೈಕಲ್ ಗೋಡೆಗೆ ಒರಗಿ ನಿಂತಿದೆ, ಗಾಲಿಗೆ ಗಾಳಿ ತುಂಬಿಸಿ, ಸರಪಳಿಗೆ ಎಣ್ಣೆ ಹಾಕಿ, ಒಂದು ವರ್ಷದಿಂದ ಮುಟ್ಟದಿದ್ದುದನ್ನು ಇವತ್ತು ಉಜ್ಜಿದ್ದಾರೆ, ಹನ್ನೊಂದು ಗಂಟೆಗೆ ಇವರ ತಂಗಿಯ ಮಗ ವ್ಯಾನ್ ತಂದು ಒಯ್ಯುತ್ತಾನಂತೆ, ಕೊಟ್ಟುಬಿಟ್ಟೆ ಎಂದರು ನಾನು ಬಾಗಿಲಲ್ಲಿ ಕಾಲಿಟ್ಟ ಕೂಡಲೇ, ಹವಾಮಾನ ಹೇಳುವ ದನಿಯಲ್ಲಿ.

ಮೂರನೆಯ ಏರು ಯಾವುದು, ಮೂರನೆಯದು ಶಾರ್ವೆ, ನನ್ನ ಪೆನ್ಸಿಲ್ ಅದನ್ನು ಸುತ್ತಿಕೊಂಡು ಹೋಗುತ್ತಿದೆ, ಬೇರೆ ದಾರಿ ಇಲ್ಲವೇ, ಕಾಡಿನ ಅಂಚಿನಿಂದ ಒಂದು ಬಿಳಿ ರಸ್ತೆ — ಏ, ಎಲ್ಲಿಗೆ ಹೊರಟೆ, ಎನ್ನುತ್ತಾರೆ ಆಂತೆಲ್ಮ್, ಶಾರ್ವೆ ಬಿಡಬೇಡ, ನನಗೋಸ್ಕರ ಅಂತೂ ಬಿಡಲೇಬೇಡ, ಅಷ್ಟು ಚೆಂದದ ಇಳಿಜಾರು ಈ ಸೀಮೇಲೇ ಇಲ್ಲ. ಇಲ್ಲ, ಬಿಡೋಲ್ಲ, ಎನ್ನುತ್ತೇನೆ, ಎಷ್ಟು ಸಲೀಸಾಗಿ ಎನ್ನುತ್ತೇನೆ. ಸಂಘದ ನಿಯಮ ಒಂದೇ, ದಾರಿ ಬರೆದವರು ಸಂಘ ಹೊರಡುವ ಮುಂಚಿನ ಹದಿನೈದು ದಿನದೊಳಗೆ ಅದನ್ನು ಪೂರ್ತಿ ತುಳಿದು ನೋಡಬೇಕು, ಎಲ್ಲರಿಗೂ ಹಂಚುವ ದಾರಿಚೀಟಿಯ ಕೆಳಗೆ ಹಾಗೆಂದು ಬರೆದು ಸಹಿ ಹಾಕಬೇಕು, ಹೋದ ವರ್ಷ ನಾನು ಮೊದಲ ಸಲ ಬರೆದೆ, ನಲವತ್ತು ದಾಟಿದ ಮೇಲೆ ಸಂಜೆ ತರಗತಿಗೆ ಹೋಗಿ ಪರೀಕ್ಷೆ ಪಾಸು ಮಾಡಿದವಳು, ಒಂದು ಅಲ್ಪವಿರಾಮಕ್ಕೂ ಮೂರು ಸಲ ಯೋಚಿಸುವವಳು, ನಾನು ಕಾರಿನಲ್ಲಿ ಹೋದೆ, ತುಳಿದು ನೋಡಿದೆ ಎಂದು ಸಹಿ ಹಾಕಿದೆ. ಮಳೆ ಇತ್ತು, ಆದರೆ ಮಳೆಯಿಂದಲ್ಲ, ಶಾರ್ವೆ ಏರಿನಲ್ಲಿ ಇಳಿದು ಸೈಕಲ್ ತಳ್ಳಬೇಕಾದೀತು ಎಂಬ ನಾಚಿಕೆಯಿಂದ, ನೋಡುವವರು ಹಸುಗಳು ಮಾತ್ರ, ಹಸುಗಳಿಗೆ ನಾಚಿದೆ, ಒಳಗೆ ಬಿಸಿಗಾಳಿ, ರೇಡಿಯೊ, ಗುಡ್ಡ ದಾಟಿ ಇಳಿಯುವಾಗ ಅಡಿಯಲ್ಲಿ ಟಕ್ ಟಕ್ ಟಕ್ ಎಂದು ಏನೋ ಸಿಡಿಯಿತು, ಡಾಂಬರು ಸುರಿದು ಹೊಸದಾಗಿ ಚೆಲ್ಲಿದ ಸಣ್ಣ ಜಲ್ಲಿ, ಕೇಳಿಸಿತು, ಕೇಳಿಸಿದ್ದಕ್ಕೆ ರೇಡಿಯೊ ಜೋರು ಮಾಡಿದೆ. ಹತ್ತು ದಿನದ ಮೇಲೆ ಸಂಘ ಹೊರಟಾಗ ಎಲ್ಲರಿಗಿಂತ ಮುಂದೆ ಇಳಿದವರು ಆಂತೆಲ್ಮ್, ಚೀಟಿಯಲ್ಲಿ ಎಚ್ಚರ ಅಂತ ಏನೂ ಬರೆದಿಲ್ಲ, ಬ್ರೇಕ್ ಬಿಟ್ಕೊಂಡು ಬನ್ರಪ್ಪಾ ಎಂದು ಕೂಗಿಕೊಂಡು, ಮೂರನೆಯ ತಿರುವಿನಲ್ಲಿ ಸೊಂಟ ಮುರಿಯಿತು.

ಡಾಕ್ಟರು ತುಳೀರಿ ಅಂದಾಯ್ತು, ಮೂಳೆ ಕೂಡಿದೆ ಅಂದಾಯ್ತು, ಎನ್ನುತ್ತಿದ್ದಾಳೆ ಯುಗೆಟ್, ನಲ್ಲಿ ನಿಲ್ಲಿಸಿ, ಈ ಮುದುಕಂಗೆ ಕಿವಿ ಇಲ್ಲ, ನೀನಾದ್ರೂ ಹೇಳೇ, ಇಡೀ ದಿನ ಕಿಟಕೀಲಿ ಕೂತ್ಕೊಂಡು ದಾರಿಯಲ್ಲಿ ಹೋಗೋರ ಗೇರು ಸರಿಯಿಲ್ಲ ಅಂತ ಬೈತಾರೆ. ಅವಳನ್ನೇನು ಕೇಳ್ತೀಯ, ಎನ್ನುತ್ತಾರೆ ಅವರು, ಸಿಟ್ಟಿಲ್ಲದೆ, ನೋಡು ಸೊಲಾಂಜ್, ಜಲ್ಲಿ ಇತ್ತು, ನಿಜ, ನೀನೂ ಅದರ ಮೇಲೇ ಇಳಿದಿರ್ತೀಯ, ಮಳೇಲಿ ಬೇರೆ, ನಿಂಗದು ಚೀಟೀಲಿ ಬರೆಯೋಷ್ಟೂ ದೊಡ್ಡದು ಅನ್ನಿಸಲಿಲ್ಲ, ನಾನು ಬಿದ್ದೆ, ಅಂದ್ರೆ ರಸ್ತೇದಲ್ಲ ತಪ್ಪು, ಈ ಕೈಯದು, ಬ್ರೇಕಿನ ಹದ ಕೈಬಿಟ್ಟು ಹೋಯ್ತು, ಅಂಥೋನು ಸೈಕಲ್ ಇಟ್ಕೊಂಡು ಏನು ಮಾಡ್ಲಿ — ಎಂದು ಆ ಕೈಯನ್ನು ನಕ್ಷೆಯ ಮೇಲೆ ಅಂಗಾತ ಇಡುತ್ತಾರೆ, ಶಾರ್ವೆಯ ಮೇಲೆಯೇ, ಅಂಗೈಯ ಚರ್ಮದ ಒಳಗೆ ಮೂರು ಕಪ್ಪು ಹರಳು, ತೆಗೆಯಲಾಗದೆ ಉಳಿದ ಜಲ್ಲಿ, ಇದಕ್ಕೇನಾ ಒಂದು ವರ್ಷದಿಂದ ಸೈಕಲ್ ಮುಟ್ಟದ್ದು, ನಾನು ತುಳಿದೆನೆಂಬ ಒಂದು ಸಾಲಿಗಾ, ನನ್ನ ಆ ಸಾಲನ್ನು ನಂಬಿ ಈ ಮನುಷ್ಯ ತನ್ನ ಕೈಯನ್ನೇ ನಂಬುವುದು ಬಿಟ್ಟರೇ, ಹೇಳಿದರೆ ಸಂಘದಲ್ಲಿ ನನ್ನ ಮುಖ, ಭಾನುವಾರಗಳು, ಇನ್ನು ಯಾರೂ ನನ್ನ ಕೈಗೆ ಪೆನ್ಸಿಲ್ ಕೊಡುವುದಿಲ್ಲ, ಕೊಡಬಾರದು, ಮೂರು ಹರಳು, ಎರಡು ಒತ್ತೊತ್ತಾಗಿ, ಒಂದು ದೂರ, ಹೊರಗೆ ವ್ಯಾನಿನ ಹಾರನ್, ಬಂದ ನೋಡು ಎಂದು ಯುಗೆಟ್ ಕೈ ಒರೆಸಿಕೊಳ್ಳುತ್ತಾಳೆ, ಅವರು ಏಳಲು ಇನ್ನೊಂದು ಕೈಯಲ್ಲಿ ಮೇಜು ಹಿಡಿಯುತ್ತಾರೆ, ನಾನು ಕಾರಲ್ಲಿ ಹೋಗಿದ್ದೆ ಎನ್ನುತ್ತೇನೆ, ಶಾರ್ವೆ ನಾನು ತುಳೀಲೇ ಇಲ್ಲ ಆಂತೆಲ್ಮ್, ಕಾರಲ್ಲಿ ಹೋಗಿದ್ದೆ, ಜಲ್ಲಿ ಸದ್ದು ಕೇಳಿಸಿತ್ತು — ಹಾರನ್ ಮತ್ತೆ, ಯಾರೂ ಹೋಗುವುದಿಲ್ಲ, ಅವರ ಮುಖ ನೋಡಲಾರೆ, ಕೈ ಮಾತ್ರ ಕಾಣುತ್ತಿದೆ, ಆ ಅಂಗೈ, ಮೂರು ಕಪ್ಪು ಹರಳು, ಅದು ಮುಚ್ಚುತ್ತಿಲ್ಲ, ನಕ್ಷೆಯಿಂದ ಏಳುತ್ತಲೂ ಇಲ್ಲ, ಮೂರು ಹರಳು, ಆ ಅಂಗೈ