ಕಾಗದದ ಒಳಮೈ

ಬಿಳಿ ಚಾದರಕ್ಕಾಗಿ ಸ್ಟೂಲು ಹತ್ತಿ ಬೀರುವಿನ ಮೇಲೆ ತಡಕಾಡುತ್ತಿದ್ದ ಅಕ್ಕನ ಭುಜಕ್ಕೆ ಪೊಟ್ಟಣವೊಂದು ಉರುಳಿಬಂತು. ನೆಲಕ್ಕೆ ಬೀಳುವ ಮೊದಲು ಹೇಗೋ ಹಿಡಿದುಕೊಂಡಳು. ಹಸಿರು ಕಾಗದ, ಮಾಸಿದ ರಿಬ್ಬನ್ನು, ಮೇಲೆ ಧೂಳೋ ಧೂಳು. ಕೊಟ್ಟವನು ನಡುಮನೆಯಲ್ಲಿ ಮಲಗಿದ್ದ. ಅವನು ಬಾಡಿಗೆಗಿದ್ದ ಕೋಣೆಯ ಮೆಟ್ಟಿಲು ತೀರಾ ಕಿರಿದು, ಹಾಗಾಗಿ ನಿನ್ನೆ ಆಸ್ಪತ್ರೆಯಿಂದ ನೇರ ಅಕ್ಕನ ಮನೆಗೇ ತಂದಿದ್ದರು. ಬದುಕಿದ್ದಾಗ ಇಲ್ಲಿ ಒಂದು ರಾತ್ರಿಯೂ ಉಳಿಯದ ತಮ್ಮ ಕೊನೆಗೆ ಹೀಗೆ ಉಳಿದ.

ಬಂದವರು ಬೆರಳೆಣಿಕೆಯಷ್ಟು ಜನ. ಅವನು ಪ್ಯಾಕಿಂಗ್ ಮಾಡುತ್ತಿದ್ದ ಗಿಫ್ಟ್ ಅಂಗಡಿಯಿಂದ ಕ್ಯಾಶಿಯರಮ್ಮ ಒಬ್ಬಳೇ ಬಂದಿದ್ದಳು. ಪೊಟ್ಟಣ ಕಂಡವಳೇ ಎದ್ದು ಬಂದಳು.

"ಅಯ್ಯೋ, ಇದು ಅವರ ಕೈಕೆಲಸಾನೇ ಅಲ್ವಾ! ಇನ್ನೂ ಬಿಚ್ಚೇ ಇಲ್ವಾ?"

ಅಕ್ಕ ಧೂಳು ಒರೆಸಿ ರಿಬ್ಬನ್ನು ಎಳೆಯಹೋದಳು.

"ಹಾಗಾದ್ರೆ ಹರೀಬೇಡಿ, ಮೆತ್ತಗೆ ಬಿಡಿಸಿ. ಕಾಗದದ ಒಳಗಡೆ ಚಿತ್ರ ಗೀಚಿರ್ತಾರೆ. ಹೂದಾನಿಯಾಗ್ಲಿ, ಗಾಜಿನ ಮೀನಾಗ್ಲಿ, ಕೈಗೆ ಬಂದಿದ್ದರ ಚಿತ್ತಾರ ಹಿಡ್ಕೊಂಡು ಪೆನ್ನೆತ್ತದೆ ಬರೆಯೋರು. ಆಮೇಲೆ ಅದರಲ್ಲೇ ಸುತ್ತಿ ಕೊಡೋರು. ಜನ ಪರಪರ ಹರಿದು ಬಿಸಾಡ್ತಾರೆ, ನಿಮಗ್ಯಾಕೆ ಈ ಉಸಾಬರಿ ಅಂದ್ರೆ, ಒಬ್ಬರಾದ್ರೂ ನೋಡ್ತಾರೆ ಬಿಡಮ್ಮ ಅನ್ನೋರು."

"ಯಾರಾದ್ರೂ ನೋಡಿದ್ರಾ?"

"ನೋಡಿದ್ವಿ ಅಂತ ಯಾರೂ ಬಂದು ಹೇಳ್ಲಿಲ್ಲ."

* * *

ಚಿಕ್ಕಂದಿನಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯೇ ಇಬ್ಬರ ಆಟದ ಬಯಲು. ತಮ್ಮ ಗೆರೆಯೊಂದನ್ನು ಶುರುಮಾಡಿ ಅರ್ಧಕ್ಕೆ ಬಿಡಬೇಕು, ಅಕ್ಕ ಮುಗಿಸಬೇಕು. ಅವನು ನಾಜೂಕಾಗಿ ಎಳೆದ ಬಳ್ಳಿಯ ತುದಿಗೆ ಅವಳು ಹಾವಿನ ತಲೆ ಬರೆದುಬಿಡುತ್ತಿದ್ದಳು. ಅವನು ಬಿದ್ದು ಬಿದ್ದು ನಗುತ್ತಿದ್ದ.

ಅಕ್ಕ ಈ ಹೊಸ ಮನೆಗೆ ಬಂದ ದಿನ ಅವನು ಬಂದದ್ದು ನೆಂಟರೆಲ್ಲ ಉಂಡು ಹೋದ ಮೇಲೆ. "ಅಂಗಡೀಲಿ ರಶ್ಶು ಕಣಕ್ಕಾ" ಎಂದ. ಅವಳ ಮುಖ ಊದಿಕೊಂಡಿತ್ತು. "ಆ ಅಂಗಡೀನೇ ಕಟ್ಕೊಂಡು ಬಿದ್ದಿರು" ಎಂದು ಅವನು ತಂದಿದ್ದ ಪೊಟ್ಟಣವನ್ನು ಬೀರುವಿನ ಮೇಲಕ್ಕೆ ತಳ್ಳಿದಳು. ವಾರ ಬಿಟ್ಟು ಅವನು ಫೋನು ಮಾಡಿದ.

"ಅಕ್ಕಾ, ಬಿಚ್ಚಿದ್ಯಾ?"

"ಹೂಂ. ಚೆನ್ನಾಗಿದೆ."

"ಆಮೇಲೆ?"

"ಆಮೇಲೇನೋ? ಚೆನ್ನಾಗಿದೆ ಅಂದ್ನಲ್ಲ."

ಅವನು ಫೋನಿಟ್ಟ. ಆ ವಿಷಯ ಮತ್ತೆಂದೂ ಎತ್ತಲಿಲ್ಲ, ಬರುವುದೂ ಕಡಿಮೆಯಾಯಿತು. ಸುಳ್ಳು ಹೇಳಿದ್ದು ಅವಳಿಗೂ ಮರೆತುಹೋಯಿತು.

* * *

ಉಗುರಿನಿಂದ ಟೇಪು ಎಬ್ಬಿಸಿ, ಒಳಗಿದ್ದ ಹೂದಾನಿಯನ್ನು ಪಕ್ಕಕ್ಕಿಟ್ಟು, ಕಾಗದವನ್ನು ತಮ್ಮನ ಪಕ್ಕದಲ್ಲೇ ನೆಲಕ್ಕೆ ಹರವಿದಳು. ನೀಲಿ ಬಾಲ್‌ಪೆನ್ನಿನ ಬಳ್ಳಿಯೊಂದು ಚಿತ್ರದ ಹೂದಾನಿಯ ಕೊರಳಿನಿಂದ ಇಳಿದು, ಎಲೆಯಾಗಿ, ಹಕ್ಕಿಯಾಗಿ, ಈ ಮನೆಯದೇ ಕಿಟಕಿಯಾಗಿ ಕಾಗದದ ತುಂಬ ಹಬ್ಬಿತ್ತು. ಬಲಮೂಲೆಗೆ ಬಂದು ತಟ್ಟನೆ ನಿಂತಿತ್ತು. ಅದರ ಮುಂದೆ ಅಂಗೈ ಅಗಲ ಖಾಲಿ ಜಾಗ.

ಕ್ಯಾಶಿಯರಮ್ಮ ಬಗ್ಗಿ ನೋಡಿದಳು. "ಪಾಪ, ಮುಗಿಸೋಕೆ ಹೊತ್ತು ಸಿಗ್ಲಿಲ್ಲ ಅನ್ಸುತ್ತೆ."

ಅಕ್ಕ ಆ ಖಾಲಿ ಜಾಗದ ಮೇಲೆ ಅಂಗೈಯಿಟ್ಟಳು. "ಪೆನ್ನಿದ್ರೆ ಕೊಡಮ್ಮ."

ಹೊರಗೆ ಗಾಡಿಯ ಹಾರನ್ನು ಕೇಳಿಸಿತು. "ಏಳು, ಎತ್ಬೇಕು" ಎಂದು ಗಂಡ ಅವಸರಪಡಿಸಿದ.

"ತಡೀರಿ."

ಅವಳು ಮೊಣಕಾಲೂರಿ, ಬಳ್ಳಿಯ ತುದಿಗೆ ಹಾವಿನ ತಲೆ ಬರೆದಳು. ಎರಡು ಕಣ್ಣಿಟ್ಟಳು. ನಾಲಿಗೆ ಎಳೆಯುವಷ್ಟರಲ್ಲಿ ಹಾರನ್ನು ಮತ್ತೆ ಕೂಗಿತು, ಅವಳು ಪೆನ್ನೆತ್ತಲಿಲ್ಲ.