ಸುಣ್ಣದ ಕೆಳಗಿನ ಶಾಸನ

ಬಳ್ಳಾರಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತಿದ್ದ ಗಾದಿಲಿಂಗಪ್ಪನವರು ಒಂದು ಮಾತನ್ನು ಹುಡುಗರ ತಲೆ ತಿನ್ನುವಷ್ಟು ಸಲ ಹೇಳಿದ್ದರು. ಅಚ್ಚಾದದ್ದನ್ನೆಲ್ಲ ನಂಬಬೇಡಿ. ಲೇಖಕ ಆಧಾರ ಕೊಟ್ಟಿದ್ದಾನೆಯೇ ನೋಡಿ. ಅಚ್ಚಿಗೆ ಹೋಗುವ ಮುನ್ನ ವಿಷಯ ಬಲ್ಲವರು ಅದನ್ನು ಓದಿ, ತಪ್ಪು ಹುಡುಕಿ, ಒಪ್ಪಿದ್ದಾರೆಯೇ ವಿಚಾರಿಸಿ. ಹೇಳುವುದಕ್ಕೇನು, ಬಾಯಿ ಇದ್ದರೆ ಸಾಕು.

1951ರಲ್ಲಿ ಅವರ ಶಿಷ್ಯ, ಕುರುಗೋಡಿನ ಓಬಳೇಶ, ತನ್ನೂರ ಹೊರಗಿನ ಬಾವಿಕಟ್ಟೆಯ ಕಲ್ಲಿನ ಬಗ್ಗೆ ಪ್ರಬಂಧ ಬರೆದು ಮದ್ರಾಸಿನ ವಿದ್ವತ್ ಪತ್ರಿಕೆಗೆ ಕಳಿಸಿದ. ಅದು ಅಚ್ಚಾದರೆ ಅವನ ಮುಂದಿನ ಓದಿಗೆ ದಾರಿಯಾಗುತ್ತಿತ್ತು. ಮೂರು ತಿಂಗಳಿಗೆ ಪ್ರಬಂಧ ವಾಪಸು ಬಂತು. ಪರಿಶೀಲಿಸಿದ ಇಬ್ಬರು ವಿದ್ವಾಂಸರು ಕಾರಣ ಬರೆದಿದ್ದರು: ಆ ಕಲ್ಲಿನಲ್ಲಿ ಅರಸನ ದಾನಶಾಸನ ಇದೆ ಎಂಬುದಕ್ಕೆ ದೀಪಾವಳಿ ವಿಶೇಷಾಂಕವೊಂದರ ಲೇಖನ ಬಿಟ್ಟರೆ ಬೇರೆ ಆಧಾರವಿಲ್ಲ. ಆ ಲೇಖನವನ್ನು ಯಾರೂ ಪರೀಕ್ಷಿಸಿಲ್ಲ. ಶಾಸನವನ್ನು ಕಣ್ಣಾರೆ ಓದಿದವರು ಯಾರು?

ಆ ಲೇಖನ ಗಾದಿಲಿಂಗಪ್ಪನವರದೇ.

ಓಬಳೇಶ ತಪ್ಪೆಲ್ಲ ತನ್ನದೆಂದೇ ಹೇಳಿಕೊಂಡ. ಗುರುಗಳ ಮೇಲೆ ಅವನಿಗೆ ಅನುಮಾನವೇ ಇರಲಿಲ್ಲ. ಗಾದಿಲಿಂಗಪ್ಪನವರಿಗೆ ಅದರಿಂದಲೇ ಹೆಚ್ಚು ನೋವಾಯಿತು. ಆ ಕಲ್ಲಿಗೆ ಊರವರು ವರ್ಷವರ್ಷವೂ ಸುಣ್ಣ ಬಳಿಯುತ್ತಿದ್ದರು. ಅರಸನ ದಾನದ ಅಕ್ಷರಗಳು ಸುಣ್ಣದ ಒಳಗಿವೆ ಎಂದು, ಆ ಕಲ್ಲಿಗೆ ಪೂಜೆ ಮಾಡುವ ಜೋಗಪ್ಪ ಹೇಳಿದ್ದನ್ನು ಕೇಳಿ, ಚಹಾ ಕುಡಿದು, ಬಳ್ಳಾರಿಗೆ ಬಂದು ಅವರು ಲೇಖನ ಬರೆದಿದ್ದರು.

ಭಾನುವಾರ ಇಬ್ಬರೂ ಬಸ್ಸು ಹಿಡಿದು ಕುರುಗೋಡಿಗೆ ಹೋದರು. ಸುಣ್ಣ ಕೆರೆಯಲು ಜೋಗಪ್ಪ ಮೊದಲು ಒಪ್ಪಲಿಲ್ಲ. ಆಮೇಲೆ ತಾನೇ ಕೈಮುಗಿದು, ನೀರು ಹಾಕಿ, ತೆಂಗಿನ ನಾರಿನಿಂದ ಉಜ್ಜಿದ. ಸುಣ್ಣ ಪದರ ಪದರವಾಗಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಕಲ್ಲು ಪೂರ್ತಿ ಬಯಲಾಯಿತು. ನಾಲ್ಕೂ ಮಗ್ಗುಲು ಬೋಳು. ಒಂದಕ್ಷರವೂ ಇರಲಿಲ್ಲ.

ಜೋಗಪ್ಪ ಬಹಳ ಹೊತ್ತು ಕಲ್ಲನ್ನು ಸವರುತ್ತ ನಿಂತ.

"ನಮ್ಮಪ್ಪ ಹೇಳಿದ್ದ ಸಾರ್, ನಾನೂ ನೋಡಿದ್ದಿಲ್ಲ. ಒಳಗ ಒಂದೀಟು ಅನುಮಾನ ಇತ್ತು. ನೀವು ಬರೆದದ್ದು ಅಚ್ಚಾಗಿ ಬಂತಲ್ರಿ, ಆವಾಗ ಖಾತ್ರಿ ಆತು."

ಗಾದಿಲಿಂಗಪ್ಪನವರು ಕಟ್ಟೆಯ ಮೇಲೆ ಕುಳಿತರು. ಓಬಳೇಶನಿಗೆ ಹಾಳೆ ತೆಗೆಯಲು ಹೇಳಿದರು.

"ಪ್ರಬಂಧ ಹೊಸದಾಗಿ ಬರಿ. ಮೊದಲನೇ ಸಾಲಿನಾಗ ನನ್ನ ಹೆಸರು ಹಾಕು. ಗಾದಿಲಿಂಗಪ್ಪ ಕಲ್ಲು ನೋಡದ ಬರದಾನ ಅಂತ ಬರಿ."

"ನನ್ನ ಕೈಯಾಗ ಆಗಂಗಿಲ್ರಿ ಸಾರ್."

"ಆಗಬೇಕು. ಮದ್ರಾಸಿನವರು ಕೇಳಿದ್ದನ್ನ ಮೊದಲ ನೀನು ನನಗ ಕೇಳಬೇಕಿತ್ತು. ನನ್ನ ಮ್ಯಾಲಿನ ಗೌರವಕ್ಕ ಕೇಳಲಿಲ್ಲ."

ಓಬಳೇಶ ಕಣ್ಣೊರೆಸಿಕೊಂಡು ಬರೆಯತೊಡಗಿದ.